ಎರಡು ಹೃದಯದವಳು

ಗರ್ಭಿಣಿಗೆ ಸಂಸ್ಕೃತದಲ್ಲಿ ಹಲವು ಹೆಸರುಗಳುಂಟು. ಅವುಗಳಲ್ಲಿ ನಮಗೆ ಬಹು ಅರ್ಥಪೂರ್ಣವಾಗಿ ತೋರುವುದು 'ದೌಹೃದಿನಿ' ಎಂಬುದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಈ ಮಾತು ಬರುತ್ತದೆ. ನಾಲ್ಕನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿನ ಹೃದಯವು ವ್ಯಕ್ತವಾಗುವುದರಿಂದ ತಾಯಿಯು ಆಗ ಎರಡು ಹೃದಯವುಳ್ಳವಳಾಗುತ್ತಾಳೆ ಎಂಬುದು ಅದರ ತಾತ್ಪರ್ಯ. ಬಸುರಿಯ ಬಯಕೆಯನ್ನು ತೀರಿಸದೆ ಬಿಡಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದುದರ ಹಿಂದೆಯೂ ಇದೇ ಭಾವನೆಯಿದೆ. ಬೇಡುತ್ತಿರುವವಳು ಅವಳೊಬ್ಬಳೇ ಅಲ್ಲ, ಒಳಗಿನ ಜೀವವೂ ಬೇಡುತ್ತಿದೆ.

ಎರಡು ಹೃದಯವೆಂದ ಮೇಲೆ ಒಂದು ಶಿಶುವಿನದು, ಇನ್ನೊಂದು ತಾಯಿಯದು. ಆದರೆ ಮನೆಮಂದಿಯ ಲಕ್ಷ್ಯವೆಲ್ಲ ಒಂದರ ಕಡೆಗೇ ಹರಿದು, ಮತ್ತೊಂದು ಮರೆಯಾಗಿಬಿಡುವುದುಂಟು. ಇದನ್ನು ನಾವು ಪುಸ್ತಕದಲ್ಲಿ ಓದಿ ತಿಳಿಯಲಿಲ್ಲ, ನಮ್ಮ ಸ್ವಂತ ಕುಟುಂಬದಲ್ಲಿಯೇ ಕಂಡೆವು. 2019ರಲ್ಲಿ ನಮ್ಮ ತಂಗಿಯ ಮಗಳಿಗೆ, ಬಸುರಿನ ಐದನೆಯ ತಿಂಗಳಲ್ಲಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರುವುದು ಗೊತ್ತಾಯಿತು. 'ನಾಲ್ಕು ಮನೆಗಳ ಹೆಣ್ಣುಮಕ್ಕಳಿಗೆ ಉಪಯೋಗವಾಗುವುದಾದರೆ ಬರೆಯಿರಿ' ಎಂದು ಆಕೆಯೇ ಹೇಳಿದ ಮೇಲೆ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಈ ರೋಗದ ಪರಿಚಯವನ್ನು ಮಾಡಿಕೊಡುವುದು ಯುಕ್ತ. ಗ್ರೀಕ್ ಭಾಷೆಯಲ್ಲಿ 'ಮೆಲಾಸ್' ಎಂದರೆ ಕಪ್ಪು. ನಮ್ಮ ಚರ್ಮಕ್ಕೆ ಬಣ್ಣ ಕೊಡತಕ್ಕ ಜೀವಕೋಶಗಳು ಅಂಕೆ ತಪ್ಪಿ ಬೆಳೆಯತೊಡಗಿದಾಗ ಹುಟ್ಟುವ ಗಂತಿಗೆ ಮೆಲನೋಮ ಎಂದು ಹೆಸರು. ಸ್ಟೆತಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ವೈದ್ಯ ರೆನೆ ಲಾನೆಕ್ 1804ರಲ್ಲಿಯೇ ಇದನ್ನು ಪ್ರತ್ಯೇಕ ವ್ಯಾಧಿಯೆಂದು ವಿವರಿಸಿದ್ದನು. ಬಿಳಿಯ ಚರ್ಮದವರಲ್ಲಿ ಇದು ಹೆಚ್ಚು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಇದರ ಮುಖ್ಯ ಕಾರಣ ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಅಂತಹ ದೇಶಗಳಲ್ಲಿ ಗರ್ಭಿಣಿಯರಿಗೆ ಬರುವ ಕ್ಯಾನ್ಸರುಗಳಲ್ಲಿಯೂ ಇದಕ್ಕೆ ಮುಂದಿನ ಸಾಲಿನ ಸ್ಥಾನವಿದೆ.

ನಮ್ಮಂತಹ ಕಂದು ಬಣ್ಣದವರಲ್ಲಿ ಈ ರೋಗವು ವಿರಳ. ಆದರೆ ಬಂದಾಗ ಅದು ಅಡಗಿ ಕೂರುವ ಸ್ಥಳವೇ ಬೇರೆ. ಬಿಸಿಲು ತಾಕದ ಅಂಗಾಲು, ಅಂಗೈ, ಉಗುರಿನ ಅಡಿ, ಇವು ಅದರ ಠಾವುಗಳು. ಆದುದರಿಂದಲೇ ಅದನ್ನು ಮುಳ್ಳು ಚುಚ್ಚಿದ ಕಲೆಯೆಂದೋ, ಆಣಿಯೆಂದೋ, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದೆಯೆಂದೋ ತಿಳಿದು ಬಿಟ್ಟುಬಿಡುವುದು ಸುಲಭ. ಜಮೈಕಾ ದೇಶದ ಹೆಸರಾಂತ ಗಾಯಕ ಬಾಬ್ ಮಾರ್ಲಿಯವರ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ 1977ರಲ್ಲಿ ಪತ್ತೆಯಾದದ್ದು ಇದೇ ರೋಗ. ಅದನ್ನು ಮೊದಲು ಫುಟ್‌ಬಾಲ್ ಆಟದ ಪೆಟ್ಟೆಂದು ಭಾವಿಸಲಾಗಿತ್ತು. 1981ರಲ್ಲಿ, ಕೇವಲ 36ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಮ್ಮ ತಂಗಿಯ ಮಗಳು ಉತ್ತರ ಕರ್ನಾಟಕದ ಒಂದು ತಾಲೂಕು ಊರಿನಲ್ಲಿ ಶಾಲಾ ಶಿಕ್ಷಕಿ. ಆಕೆಯ ಎಡ ಅಂಗಾಲಿನಲ್ಲಿ, ಹಿಮ್ಮಡಿಗೆ ತುಸು ಮುಂದೆ, ಎಳ್ಳಿನ ಗಾತ್ರದ ಒಂದು ಮಚ್ಚೆ ಕಾಣಿಸಿಕೊಂಡು ಎರಡು ವರ್ಷವಾಗಿತ್ತು. ಅಂಗಾಲಿನಲ್ಲಿ ಮಚ್ಚೆಯಿದ್ದವರ ಕಾಲು ಒಂದೂರಲ್ಲಿ ನಿಲ್ಲುವುದಿಲ್ಲ ಎಂಬ ಮಾತು ನಮ್ಮ ಕಡೆ ಉಂಟು. ಆಕೆಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ಮನೆಯವರು ಅದನ್ನೇ ಹೇಳಿ ನಗುತ್ತಿದ್ದರು. ಮಠದ ಪಾಠಶಾಲೆಯಲ್ಲಿ ನಾವು ಓದಿದ ಸುಶ್ರುತ ಸಂಹಿತೆಯಲ್ಲಿ ಮಚ್ಚೆಗೆ 'ತಿಲಕಾಲಕ' ಎಂದು ಹೆಸರಿದೆ. ಎಳ್ಳಿನಷ್ಟಿರುವುದು, ಕಪ್ಪಾಗಿರುವುದು, ಚರ್ಮಕ್ಕೆ ಸಮನಾಗಿರುವುದು, ನೋವಿಲ್ಲದ್ದು, ಇವು ಅದರ ಲಕ್ಷಣಗಳು. ಸಾಮಾನ್ಯ ಮಚ್ಚೆಗೆ ಈ ವರ್ಣನೆ ಇಂದಿಗೂ ಸರಿಯಾಗಿ ಒಪ್ಪುತ್ತದೆ. ಎಳ್ಳಿನ ಗಾತ್ರವನ್ನು ಮೀರಿ ಹರಡಿದ್ದು, ಸಮವಾಗಿದ್ದದ್ದು ಉಬ್ಬಿದ್ದು, ಇವು ಆ ವರ್ಣನೆಯನ್ನು ದಾಟಿದಂತೆ. ನೋವಿಲ್ಲದಿರುವಿಕೆ ಮಾತ್ರ ನಂಬತಕ್ಕ ಗುಣವಲ್ಲ. ಮೆಲನೋಮವೂ ಆರಂಭದಲ್ಲಿ ನೋಯುವುದಿಲ್ಲ.

ಬಸುರು ನಿಂತ ಮೇಲೆ ಆ ಮಚ್ಚೆ ಹರಡಿತು. ಒಂದು ಅಂಚು ಕಾಗದದ ಮೇಲೆ ಚೆಲ್ಲಿದ ಶಾಯಿಯಂತೆ ಹರಿಯಿತು. ಕೆಲವು ಕಡೆ ಕಂದು, ಕೆಲವು ಕಡೆ ದಟ್ಟ ಕಪ್ಪು. ಎರಡು ಮೂರು ಸಲ ಚಪ್ಪಲಿಯಲ್ಲಿ ರಕ್ತದ ಗುರುತು ಕಂಡಿತು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಹೊಲಕ್ಕೆ ಹೋದಾಗ ಮುಳ್ಳು ತಾಗಿರಬೇಕೆಂದು ಗಂಡ, ಬಸುರಿನ ಉಷ್ಣವೆಂದು ಅತ್ತೆ, ಮುಖದ ಮೇಲೆ ಬಂಗು ಬಂದಿಲ್ಲವೇ, ಬಸುರಿಯ ಮೈ ಕಪ್ಪಾಗುವುದು ಸಹಜವೆಂದು ನೆರೆಮನೆಯವರು. ಔಷಧದ ಅಂಗಡಿಯವರು ಆಣಿಗೆ ಹಚ್ಚುವ ಪಟ್ಟಿಯೊಂದನ್ನು ಕೊಟ್ಟು ಕಳುಹಿಸಿದರು. ಇವರಾರೂ ಕೆಟ್ಟವರಲ್ಲ. ಎಲ್ಲರ ಮಾತಿಗೂ ಒಂದು ಸಮಾನ ಆಧಾರವಿತ್ತು. ಬಸುರಿಯ ಮೈಯಲ್ಲಿ ಏನೇ ಆದರೂ ಅದು ಬಸುರಿನಿಂದಲೇ ಆಗುತ್ತದೆ ಎಂಬ ನಂಬಿಕೆ ಅದು.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಗರ್ಭಕಾಲದಲ್ಲಿ ಕೆನ್ನೆಯ ಮೇಲೆ ಬಂಗು ಬರುವುದು, ಹೊಕ್ಕುಳಿನ ಕೆಳಗೆ ಕಪ್ಪು ಗೆರೆ ಮೂಡುವುದು ನಿಜ. ಹೊಟ್ಟೆಯ ಮತ್ತು ಎದೆಯ ಮೇಲಿನ ಮಚ್ಚೆಗಳು ಚರ್ಮ ಹಿಗ್ಗಿದಂತೆ ಹಿಗ್ಗುವುದೂ ನಿಜ. ಆದರೆ ಚರ್ಮ ಹಿಗ್ಗದ ಬೆನ್ನಿನ ಮೇಲೆ, ಕಾಲಿನ ಮೇಲೆ, ಅಂಗಾಲಿನಲ್ಲಿ ಮಚ್ಚೆಯೊಂದು ತನ್ನಷ್ಟಕ್ಕೆ ರೂಪ ಬದಲಿಸಿದರೆ ಅದಕ್ಕೆ ಬಸುರನ್ನು ಹೊಣೆಮಾಡುವಂತಿಲ್ಲ. ಬಸುರಿಲ್ಲದ ಹೆಣ್ಣಿನಲ್ಲಿ ಯಾವುದನ್ನು ಕಂಡು ವೈದ್ಯರಲ್ಲಿಗೆ ಓಡುತ್ತೇವೆಯೋ ಬಸುರಿಯಲ್ಲಿಯೂ ಅದನ್ನು ಕಂಡು ಓಡಲೇಬೇಕು.

ನಮ್ಮ ಹುಡುಗಿಯ ವಿಷಯದಲ್ಲಿ ಅದನ್ನು ಕಂಡವಳು ಊರ ಆರೋಗ್ಯ ಉಪಕೇಂದ್ರದ ಸಹಾಯಕಿ. ತಿಂಗಳ ತಪಾಸಣೆಗೆ ಹೋದಾಗ, ಪಾದ ಬಾತಿದೆಯೇ ಎಂದು ನೋಡಲು ಆಕೆ ಚಪ್ಪಲಿ ಬಿಡಿಸಿ ಹರಡಿನ ಮೇಲೆ ಹೆಬ್ಬೆರಳನ್ನು ಒತ್ತಿದಳು. ಬಾವು ಇರಲಿಲ್ಲ. ಆದರೆ ಕಾಲನ್ನು ಕೆಳಗಿಡುವ ಮೊದಲು ಆಕೆ ಅಂಗಾಲನ್ನೂ ತಿರುಗಿಸಿ ನೋಡಿದಳು. 'ಇದು ಏನೆಂದು ನನಗೆ ತಿಳಿಯದು, ಆದರೆ ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಬೇಕು' ಎಂದು ಹೇಳಿ ಕಾರ್ಡಿನ ಮೇಲೆ ಬರೆದೂ ಕೊಟ್ಟಳು. ತನಗೆ ತಿಳಿಯದೆಂದು ಹೇಳಿ ತಿಳಿದವರ ಬಳಿಗೆ ಕಳುಹಿಸುವುದು ದೊಡ್ಡ ವಿದ್ಯೆ. ಆ ತಾಯಿಗೆ ನಮ್ಮ ಕುಟುಂಬವು ಎಂದೆಂದಿಗೂ ಋಣಿ.

ಚರ್ಮವೈದ್ಯರು ಭೂತಗನ್ನಡಿಯಂತಹ ಯಂತ್ರದಿಂದ ನೋಡಿ, ಆ ಭಾಗಕ್ಕಷ್ಟೇ ಮರವೆಯ ಸೂಜಿ ಕೊಟ್ಟು ಅದನ್ನು ತೆಗೆದು ಪರೀಕ್ಷೆಗೆ ಕಳುಹಿಸಬೇಕೆಂದರು. ಆ ಸೂಜಿಯಿಂದ ಗರ್ಭಕ್ಕೆ ಅಪಾಯವಿಲ್ಲವೆಂದೂ ತಿಳಿಸಿದರು. ಬಂಧುಗಳಲ್ಲಿ ಒಬ್ಬರು, 'ಮಚ್ಚೆಗೆ ಕತ್ತಿ ತಾಗಿಸಿದರೆ ಕ್ಯಾನ್ಸರ್ ಕೆರಳುತ್ತದೆ' ಎಂದು ತಡೆದರು. ಈ ಭಯವು ನಮ್ಮ ನಾಡಿನಲ್ಲಿ ಬಹಳ ಬೇರೂರಿದೆ. ರೋಗವು ಒಳಗೆ ಇಳಿದ ಮೇಲೆ ಆಸ್ಪತ್ರೆಗೆ ಹೋದವರು ಕೆಲಕಾಲದಲ್ಲಿ ತೀರಿಕೊಂಡುದನ್ನು ಕಂಡು ಜನರು ಕತ್ತಿಯನ್ನು ಹಳಿಯುತ್ತಾರೆ. ಕೊಂದದ್ದು ಕತ್ತಿಯಲ್ಲ, ತಡ. ವೈದ್ಯರು ಇದನ್ನು ತಾಳ್ಮೆಯಿಂದ ವಿವರಿಸಿದ ಮೇಲೆ ಪರೀಕ್ಷೆ ನಡೆಯಿತು. ಎಂಟು ದಿನಗಳ ನಂತರ ಬಂದ ವರದಿಯಲ್ಲಿ ಮೆಲನೋಮ ಎಂದಿತ್ತು. ಅದರ ಕೆಳಗೆ 1.6 ಮಿಲಿಮೀಟರ್ ಎಂಬ ಅಂಕೆಯಿತ್ತು.

ಈ ಅಂಕೆಯ ಅರ್ಥವನ್ನು ಓದುಗರು ತಿಳಿದಿರುವುದು ಒಳ್ಳೆಯದು. ಅಮೆರಿಕದ ರೋಗಶಾಸ್ತ್ರಜ್ಞ ಅಲೆಗ್ಸಾಂಡರ್ ಬ್ರೆಸ್ಲೋ ಅವರು 1970ರಲ್ಲಿ ಒಂದು ಸತ್ಯವನ್ನು ತೋರಿಸಿಕೊಟ್ಟರು. ಮೆಲನೋಮ ಎಷ್ಟು ಅಗಲವಾಗಿದೆ ಎಂಬುದಕ್ಕಿಂತ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮುಖ್ಯ. ಒಂದು ಮಿಲಿಮೀಟರಿನೊಳಗೆ ಇದ್ದರೆ ಬಹುಪಾಲು ಜನರು ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುತ್ತಾರೆ. ಆಳ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಅಕ್ಕಿಕಾಳಿನ ದಪ್ಪಕ್ಕೂ ಕಡಿಮೆಯಾದ ಅಳತೆಯ ಮೇಲೆ ಒಂದು ಜೀವದ ಲೆಕ್ಕ ನಿಲ್ಲುತ್ತದೆ. ತಿಂಗಳುಗಳನ್ನು ಕಾಯುವುದರ ಬೆಲೆಯೇನೆಂಬುದನ್ನು ಇದರಿಂದ ಅಳೆಯಬಹುದು.

ವರದಿ ಬಂದ ಸಂಜೆ ಎರಡೂ ಕಡೆಯ ಹಿರಿಯರು ಕೂಡಿದರು. ಹೆರಿಗೆಯಾಗುವವರೆಗೆ ಏನನ್ನೂ ಮಾಡಿಸುವುದು ಬೇಡ, ಕೂಸು ಕೈಗೆ ಬರಲಿ, ಆಮೇಲೆ ಎಲ್ಲ ಚಿಕಿತ್ಸೆಯನ್ನೂ ಮಾಡಿಸೋಣ ಎಂಬುದು ಮಾವನವರ ಅಭಿಪ್ರಾಯವಾಗಿತ್ತು. ನಮ್ಮ ತಂಗಿ ಅಳುತ್ತ, ಗರ್ಭ ಹೋದರೂ ಚಿಂತೆಯಿಲ್ಲ, ನನ್ನ ಮಗಳು ಉಳಿದರೆ ಸಾಕು ಎಂದಳು. ಎರಡೂ ಮಾತುಗಳು ಪ್ರೀತಿಯಿಂದಲೇ ಬಂದವು. ಆದರೂ ಅವು ಒಂದಕ್ಕೊಂದು ಎದುರಾಗಿ ನಿಂತವು. ಕೊನೆಗೆ ಎಲ್ಲರೂ ನಮ್ಮ ಕಡೆಗೆ ತಿರುಗಿ, 'ಶಾಸ್ತ್ರ ಬಲ್ಲವರು, ತಾವು ಹೇಳಿದಂತೆ ಆಗಲಿ' ಎಂದರು. ಶಾಸ್ತ್ರಕ್ಕಿಂತ ಮೊದಲು, ಕಾಲು ಯಾರದೋ ಅವರನ್ನು ಕೇಳಬೇಕಲ್ಲವೇ ಎಂದು ನಾವು ಹೇಳಿದೆವು.

ಬಾಗಿಲ ಬಳಿ ಕುಳಿತಿದ್ದ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ ಹೇಳಿದಳು: 'ಮಾಮಾ, ಇಷ್ಟೊತ್ತು ಎಲ್ಲಾರೂ ಹೊಟ್ಟಿ ಮಾತ ಆಡಿದ್ರಿ. ಅವ್ವ ಒಬ್ಬಾಕಿ ಕಾಲಿನ ಮಾತ ಆಡಿದ್ಲು. ಹೊಟ್ಟೀನೂ ನಂದ, ಕಾಲೂ ನಂದ. ಎರಡೂ ಉಳಸಾಕ ಬರ್ತೈತೇನು ಅಂತ ಡಾಕ್ಟರನ್ನ ಯಾರೂ ಕೇಳಲಿಲ್ಲಲ್ಲ?'

ಸಭೆ ನಿಶ್ಶಬ್ದವಾಯಿತು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮೂರನೆಯ ದಿನ ಆಕೆ, ಆಕೆಯ ಗಂಡ ಮತ್ತು ನಾವು ನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಶಸ್ತ್ರವೈದ್ಯರು ಹೆರಿಗೆ ತಜ್ಞೆಯನ್ನೂ ಕರೆಸಿ ಜೊತೆಗೆ ಕುಳ್ಳಿರಿಸಿಕೊಂಡರು. ಅವರು ಕೊಟ್ಟ ಉತ್ತರ ಇಷ್ಟು. ಎರಡನ್ನೂ ಉಳಿಸಲು ಪ್ರಯತ್ನಿಸಬಹುದು. ಕಾಯುವುದೂ ಬೇಡ, ಗರ್ಭವನ್ನು ತೆಗೆಸುವುದೂ ಬೇಡ.

ಬಸುರು ಈ ರೋಗಕ್ಕೆ ನೀರೆರೆದಂತೆ ಎಂಬ ಭಯವು ವೈದ್ಯಲೋಕದಲ್ಲಿಯೂ ಒಂದು ಕಾಲಕ್ಕೆ ಇತ್ತು. 1951ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಕೆಲವೇ ರೋಗಿಗಳ ವರದಿಯೊಂದು ಅದನ್ನು ಬಲಪಡಿಸಿತ್ತು. ಆಮೇಲೆ ದೊಡ್ಡ ಪ್ರಮಾಣದ ಅಧ್ಯಯನಗಳು ನಡೆದವು. ಸ್ವೀಡನ್ ದೇಶದ ದಾಖಲೆಗಳನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವು, ಗರ್ಭಕಾಲದಲ್ಲಿ ಮೆಲನೋಮ ಪತ್ತೆಯಾದ 185 ಮಹಿಳೆಯರನ್ನು, ಬಸುರಿಲ್ಲದಾಗ ಅದೇ ರೋಗ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಮಹಿಳೆಯರೊಡನೆ ಹೋಲಿಸಿ ನೋಡಿತು. ಉಳಿವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗದ ಹಂತ ಒಂದೇ ಆಗಿದ್ದರೆ ಬಸುರಿನಿಂದ ಗತಿ ಬದಲಾಗುವುದಿಲ್ಲವೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಗರ್ಭವನ್ನು ತೆಗೆಸಿದರೆ ರೋಗವು ಹಿಂದೆ ಸರಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಆದರೆ ಎಲ್ಲವೂ ಒಂದೇ ತೆರನಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. 2011ರಿಂದೀಚೆಗೆ ಬಳಕೆಗೆ ಬಂದಿರುವ, ದೇಹದ ರೋಗನಿರೋಧ ಶಕ್ತಿಯನ್ನೇ ಎಬ್ಬಿಸುವ ಹೊಸ ಔಷಧಗಳು ಮುಂದುವರಿದ ಮೆಲನೋಮದಲ್ಲಿ ಅನೇಕರ ಆಯುಷ್ಯವನ್ನು ಹೆಚ್ಚಿಸಿವೆ. ತಾಯಿಯ ದೇಹವು ಗರ್ಭವನ್ನು ಪರಕೀಯವೆಂದು ತಳ್ಳದೆ ಸೈರಿಸಿಕೊಂಡಿರುತ್ತದೆ. ಆ ಸೈರಣೆಯನ್ನೇ ಈ ಔಷಧಗಳು ಕದಡಬಲ್ಲವಾದ್ದರಿಂದ ಬಸುರಿನಲ್ಲಿ ಅವುಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ರೋಗವು ದೂರದ ಅಂಗಗಳಿಗೆ ಹರಡಿದ್ದರೆ ಆಗ ನಿಜವಾಗಿಯೂ ಕಠಿಣ ನಿರ್ಣಯದ ಪ್ರಸಂಗ ಬರುತ್ತದೆ. ಕಡಿದು ತೆಗೆಯಬಹುದಾದ ಹಂತದಲ್ಲಿ ಆ ಸಂಕಟವಿಲ್ಲ. ಬೇಗನೆ ಕಂಡುದೇ ತಾಯಿಗೂ ಶಿಶುವಿಗೂ ಒಟ್ಟಿಗೆ ದೊರೆತ ರಕ್ಷೆ.

ಐದನೆಯ ತಿಂಗಳ ಕೊನೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬಸುರಿನ ನಡುವಿನ ಮೂರು ತಿಂಗಳು ಇದಕ್ಕೆ ಅನುಕೂಲವಾದ ಕಾಲವಂತೆ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರವೆ ಬರಿಸಿದರು. ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಒತ್ತದಂತೆ ಆಕೆಯನ್ನು ತುಸು ಎಡಕ್ಕೆ ಓರೆಯಾಗಿ ಮಲಗಿಸಿದರು. ಗಾಯದ ಸುತ್ತಲಿನ ಒಳ್ಳೆಯ ಚರ್ಮವನ್ನೂ ಒಂದೂವರೆ ಸೆಂಟಿಮೀಟರಿನಷ್ಟು ಸೇರಿಸಿ ತೆಗೆದು, ತೊಡೆಯ ಚರ್ಮವನ್ನು ತಂದು ಅಲ್ಲಿ ಹೊಂದಿಸಿದರು. ಹಾವು ಸಣ್ಣದಾದರೂ ಕೋಲು ದೊಡ್ಡದಿರಬೇಕೆಂಬ ಗಾದೆ ನಮಗಾಗ ನೆನಪಾಯಿತು. ರೋಗವು ಮುಂದೆ ನಡೆದರೆ ಮೊದಲು ತಲುಪುವ ಕಾವಲು ಗ್ರಂಥಿಯನ್ನು ತೊಡೆಸಂದಿನಿಂದ ತೆಗೆದು ಪರೀಕ್ಷಿಸಿದರು. ಅದನ್ನು ಗುರುತಿಸಲು ಬಳಸುವ ವಿಕಿರಣ ದ್ರವ್ಯದ ಪ್ರಮಾಣ ಬಹಳ ಅಲ್ಪವಾದುದರಿಂದ ಶಿಶುವಿಗೆ ತಾಕುವುದು ನಗಣ್ಯವೆಂದರು. ಆದರೆ ಸಾಮಾನ್ಯವಾಗಿ ಅದರ ಜೊತೆಗೆ ಚುಚ್ಚುವ ನೀಲಿ ಬಣ್ಣವನ್ನು ಬಸುರಿನಲ್ಲಿ ವರ್ಜಿಸಿದರು. ಅದರಿಂದ ಕೆಲವರಿಗೆ ತೀವ್ರವಾದ ಅಲರ್ಜಿ ಆಗುವುದುಂಟು. ಚಿಕಿತ್ಸೆಗೆ ಮೊದಲೂ ಆಮೇಲೂ ಹೆರಿಗೆ ತಜ್ಞೆ ಬಂದು ಶಿಶುವಿನ ಹೃದಯದ ಸದ್ದನ್ನು ಕೇಳಿದರು. ತಾಯಿಯ ಹೃದಯದ ಗೆರೆ ಯಂತ್ರದ ಮೇಲೆ ಓಡುತ್ತಿತ್ತು. ಎರಡು ಹೃದಯಗಳನ್ನೂ ಒಟ್ಟಿಗೆ ಕಾಯುವುದೆಂದರೆ ಏನೆಂಬುದನ್ನು ನಾವು ಅಲ್ಲಿ ಅರಿತೆವು.

ಗ್ರಂಥಿಯಲ್ಲಿ ರೋಗವಿರಲಿಲ್ಲ. ಆದರೂ ಕೆಲವು ವಾರ ಕಾಲನ್ನು ನೆಲಕ್ಕೆ ಊರುವಂತಿರಲಿಲ್ಲ. ಬಸುರಿಯು ಹೆಚ್ಚು ಕಾಲ ಮಲಗಿದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ, ಶಿಶುವಿಗೆ ದಾಟದ ಹೆಪಾರಿನ್ ಸೂಜಿಯನ್ನು ಕೊಡುತ್ತಿದ್ದರು. ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ ಮಾಡಿದಾಗ ಆಕೆಯ ಕಾಲನ್ನು ಮಣೆಯ ಮೇಲೆ ದಿಂಬಿಟ್ಟು ಎತ್ತಿರಿಸಿದ್ದರು. ಹಸಿರು ಬಳೆ ತೊಡಿಸಲು ಬಂದ ಮುತ್ತೈದೆಯರಲ್ಲಿ ಅನೇಕರು ಆಕೆಯ ಕೈಗೆ ಬಳೆ ಏರಿಸಿ, ಆಮೇಲೆ ಒಳಗೆ ಹೋಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಂಡರಂತೆ. ನಮಗೆ ಅದು ಬಹು ಸಂತೋಷದ ಸಂಗತಿಯಾಗಿ ತೋರಿತು.

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಮಾಸನ್ನು ಮನೆಯ ಹಿತ್ತಲಿನಲ್ಲಿ ಹೂಳುವುದು ಆ ಮನೆಯ ಪದ್ಧತಿ. ವೈದ್ಯರು ಅದನ್ನು ಪರೀಕ್ಷೆಗೆ ಬೇಕೆಂದು ಕೇಳಿದರು. ತಾಯಿಯ ಕ್ಯಾನ್ಸರ್ ಮಾಸಿಗೆ ಅಥವಾ ಶಿಶುವಿಗೆ ಹರಡುವುದು ಅತ್ಯಂತ ಅಪರೂಪ. ಆದರೆ ಹಾಗೆ ಹರಡಿದ ಪ್ರಸಂಗಗಳಲ್ಲಿ ಮೆಲನೋಮವೇ ಮುಂದೆ. ಅತ್ತೆಯವರು ಮೊದಲು ಮುಖ ಬಾಡಿಸಿದರು. ಆಮೇಲೆ, 'ಕೂಸಿನ ಸಲುವಾಗಿ ಹೂಳತಿದ್ವಿ, ಕೂಸಿನ ಸಲುವಾಗೇ ಕೊಡೋಣ' ಎಂದರು. ಮಾಸು ನಿರ್ಮಲವಾಗಿತ್ತು. ತಾಯಿ ಹಾಲೂಡಿಸಲು ಅಡ್ಡಿಯಿರಲಿಲ್ಲ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ತಾಯಿ ನಿಯಮಿತವಾಗಿ ತಪಾಸಣೆಗೆ ಹೋಗಿಬರುತ್ತಾಳೆ. ಈ ರೋಗವು ವರ್ಷಗಳ ನಂತರವೂ ಮರಳಬಲ್ಲದು. ಆದುದರಿಂದ ಗೆದ್ದೆವೆಂದು ನಾವು ಬರೆಯುವುದಿಲ್ಲ. ಆಕೆಯೂ ಹಾಗೆ ಹೇಳುವುದಿಲ್ಲ. ತಿಂಗಳಿಗೊಮ್ಮೆ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳುತ್ತಾಳೆ, ಮತ್ತೆ ಶಾಲೆಗೆ ಹೊರಡುತ್ತಾಳೆ.

ಓದುಗ ಬಂಧುಗಳಲ್ಲಿ, ವಿಶೇಷವಾಗಿ ಮನೆಯ ಹಿರಿಯರಲ್ಲಿ, ನಮ್ಮ ಅರಿಕೆಯಿಷ್ಟು. ಮಚ್ಚೆಗಳೆಲ್ಲವೂ ರೋಗವಲ್ಲ, ಹೆದರಬೇಕಾಗಿಲ್ಲ. ಆದರೆ ಎರಡು ಅರ್ಧಗಳು ಒಂದರಂತೊಂದು ಇಲ್ಲದ ಮಚ್ಚೆ, ಅಂಚು ಕದಡಿದ ಮಚ್ಚೆ, ಹಲವು ಬಣ್ಣಗಳುಳ್ಳ ಮಚ್ಚೆ, 6 ಮಿಲಿಮೀಟರಿಗಿಂತ ಅಗಲವಾದ ಮಚ್ಚೆ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿರುವ ಅಥವಾ ರಕ್ತ ಒಸರುವ ಮಚ್ಚೆ, ಇವನ್ನು ತಡಮಾಡದೆ ತೋರಿಸಿರಿ. ಅಂಗೈ, ಅಂಗಾಲು, ಬೆರಳ ಸಂದುಗಳನ್ನು ನೋಡಿರಿ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆಯನ್ನು ಅಲಕ್ಷಿಸದಿರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಮೊದಲಾದುವು ನಮ್ಮ ನಾಡಿನಲ್ಲಿಯೇ ಇವೆ. ಆದರೆ ಅಲ್ಲಿಗೆ ಹೋಗುವ ದಾರಿ ಮನೆಯಿಂದಲೇ ಆರಂಭವಾಗುತ್ತದೆ.

ಬಸುರಿಯು ತನ್ನ ಮೈಯ ವಿಷಯವಾಗಿ ಏನನ್ನಾದರೂ ಹೇಳಿದಾಗ, 'ಈ ಕಾಲದಲ್ಲಿ ಇದೆಲ್ಲ ಇದ್ದದ್ದೇ' ಎಂದು ಮಾತನ್ನು ಮುಗಿಸಬೇಡಿರಿ. ಶಿಶುವಿನ ಹೃದಯದ ಸದ್ದನ್ನು ಕೇಳಿ ಎಲ್ಲರೂ ಹಿಗ್ಗುತ್ತೇವೆ. ಅದನ್ನು ಹೊತ್ತವಳ ಹೃದಯವೂ ಅಲ್ಲಿಯೇ ಮಿಡಿಯುತ್ತಿದೆ. ಅವಳಿಗೆ ಎರಡು ಹೃದಯವೆಂದು ಕರೆದ ಹಿರಿಯರ ಮಾತನ್ನು ನಾವು ಪೂರ್ತಿಯಾಗಿ ನಡೆಸಬೇಕಾದರೆ, ಎರಡನ್ನೂ ಎಣಿಸುವುದನ್ನು ಕಲಿಯಬೇಕು.